‘ವಲಸೆ’ಯೊಳಗಿನ ಭಯ ಎಲ್ಲಿ ಹೋಯಿತು?

ಗೆಳೆಯರೇ, ನಮಸ್ಕಾರ. ಪುಣೆಯಿಂದ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ಇಲ್ಲಿನ ನಮ್ಮ ಕನ್ನಡ ಬಳಗದ ಕೈಬರಹದ ಪತ್ರಿಕೆಗೆ ಪಕ್ಕದ ಮನೆಯವರ ಬಗ್ಗೆ ನಾಲ್ಕು ಪುಟ ಬರೆದೆ. ಮಣಿಪುರದ ತಾಯಿ, ಮಗಳು. ಮಗಳು ನರ್ಸ್, 2021ರಲ್ಲೇ ಕೆಲಸಕ್ಕೆ ಬಂದವಳು. ತಾಯಿ ಬಂದದ್ದು 2023ರ ಮೇ ತಿಂಗಳ ಗಲಭೆಯಲ್ಲಿ ಮನೆ ಸುಟ್ಟುಹೋದ ಮೇಲೆ. ನಾನು ಇಬ್ಬರನ್ನೂ ‘ವಲಸೆ ಬಂದವರು’ ಎಂದು ಬರೆದಿದ್ದೆ. ಹಿಂದಿಯಲ್ಲಿ ಓದಿ ಹೇಳಿದಾಗ ಮಗಳು ತಡೆದಳು. “ನಾನು ಬಂದೆ. ಅಮ್ಮನನ್ನು ಓಡಿಸಿದರು.”

ಅವರು ಯಾವ ಕಡೆಯವರು ಎಂದು ಹೇಳುವುದಿಲ್ಲ. ಗಲಭೆ ನಡೆದದ್ದು ಅಲ್ಲಿನ ಕುಕಿ, ಮೈತೇಯಿ ಎಂಬ ಎರಡು ಸಮುದಾಯಗಳ ನಡುವೆ. ಕಣಿವೆಯ ಕುಕಿಗಳು ಬೆಟ್ಟಕ್ಕೆ ಓಡಿದರು, ಬೆಟ್ಟದ ಕಡೆಯ ಮೈತೇಯಿಗಳು ಕಣಿವೆಗೆ ಓಡಿದರು. ಊರು ಕಳಕೊಂಡವರು ಸುಮಾರು 60,000 ಜನ.

ಆ ಮಾತು ಕೇಳಿ ಕಿಟ್ಟೆಲ್ ಕೋಶ ತೆಗೆದೆ. 1894ರದ್ದು. ಅಲ್ಲಿ ವಲಸೆ ಅಂದರೆ ಶತ್ರುಗಳ ದಂಡಿಗೆ ಹೆದರಿ ಮನೆ ಬಿಟ್ಟು ಓಡುವುದು! ತೆಲುಗಿನ ‘ವಲಸ’ಕ್ಕೂ ತಮಿಳಿನ ‘ವಲಸೈ’ಗೂ ಇದೇ ಹಳೆಯ ಅರ್ಥ. ಅಂದರೆ ನನಗೆ ಬೇಕಾದ ಪದ ಅದೇ ಆಗಿತ್ತು. ಈಗ ಅದು ಹಕ್ಕಿಗೂ ಸಲ್ಲುತ್ತದೆ, ಕಟ್ಟಡದ ಕೂಲಿಗೂ ಸಲ್ಲುತ್ತದೆ. ಭಯ ಮಾತ್ರ ಉಳಿದಿಲ್ಲ. 1990ರಲ್ಲಿ ಕಣಿವೆ ಬಿಟ್ಟ ಕಾಶ್ಮೀರಿ ಪಂಡಿತರನ್ನು ಸರ್ಕಾರಿ ಕಾಗದದಲ್ಲಿ ವಲಸಿಗರು ಎಂದೇ ಕರೆದದ್ದು ಅವರಲ್ಲಿ ಎಷ್ಟೋ ಜನರಿಗೆ ನೋವು ತಂದಿದ್ದು ಇದಕ್ಕೇ ಅಲ್ವಾ?

ಬೇರೆ ಪದಗಳನ್ನೂ ನೋಡಿದೆ. ಗುಳೆ ನಮ್ಮ ಕಡೆ ಬರಗಾಲದ ಮಾತು. ಗುಳೆ ಹೋದವರು ಮಳೆ ಬಿದ್ದರೆ ಬಿತ್ತನೆಗೆ ವಾಪಸ್ ಬರುತ್ತಾರೆ. ನಿರಾಶ್ರಿತ ಎನ್ನೋಣವೆಂದರೆ ತಾಯಿಗೆ ಇಲ್ಲಿ ಸೂರು ಇದೆ, ಇಲ್ಲದಿರುವುದು ಊರು. ಸಂತ್ರಸ್ತ ಎಂಬ ಹೆಸರಲ್ಲಿ ನಾನೇ ಬೆಳೆದವನು. ನಮ್ಮ ಹಳ್ಳಿ ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು, ನಾವು ‘ಮುಳುಗಡೆ ಸಂತ್ರಸ್ತರು’ ಆದೆವು. ದುಃಖ ಇತ್ತು, ಈಗಲೂ ಇದೆ. ಆದರೆ ನೀರು ಬರುತ್ತದೆಂದು ಮೊದಲೇ ನೋಟಿಸ್ ಬಂದಿತ್ತು. ನೆರೆಯವರು ಕೊಳ್ಳಿ ಹಿಡಿದು ಬಂದಿರಲಿಲ್ಲ. ‘ಸ್ಥಳಾಂತರಗೊಂಡವರು’ ನನಗೆ ಬೇಡವೇ ಬೇಡ. ಬಸ್ ನಿಲ್ದಾಣವೂ ಸ್ಥಳಾಂತರಗೊಳ್ಳುತ್ತದೆ.

ಮನಸ್ಸು ನಿಂತಿದ್ದು ‘ಒಕ್ಕಲೆಬ್ಬಿಸು’ ಮೇಲೆ. ಒಕ್ಕಲು ಅಂದರೆ ಬರೀ ಮನೆಯಲ್ಲ. ಒಲೆ, ಹೊಲ, ಮನೆಮಂದಿ, ಬಾಳುವೆ ಎಲ್ಲವೂ ಅದರಲ್ಲಿದೆ. ಜೊತೆಗೆ ‘ಎಬ್ಬಿಸು’ ಎಂದಾಗ ಎಬ್ಬಿಸಿದವನೊಬ್ಬ ಇದ್ದಾನೆ ಎಂಬುದು ತಪ್ಪಿಸಿಕೊಳ್ಳುವುದಿಲ್ಲ. ಅನುಮಾನ ಒಂದೇ. ಈ ಪದಕ್ಕೆ ಜಮೀನ್ದಾರನ, ಅರಣ್ಯ ಒತ್ತುವರಿ ತೆರವಿನ ವಾಸನೆ ಇದೆ. ಎಬ್ಬಿಸುವವನಿಗೆ ಏನೋ ಹಕ್ಕಿತ್ತು ಎನ್ನುವ ಹಾಗೆ ಕೇಳಿಸುತ್ತದೆ. ಗುಂಪು ನುಗ್ಗಿ ಓಡಿಸಿದ್ದಕ್ಕೂ ಇದು ಒಪ್ಪುತ್ತದಾ? ಇನ್ನು ಆ ಜನರನ್ನು ಏನೆಂದು ಕರೆಯುವುದು? ‘ಒಕ್ಕಲೆಬ್ಬಿಸಲ್ಪಟ್ಟವರು’ ಎಂದರೆ ನಾಲಿಗೆ ಹೊರಳುವುದಿಲ್ಲ. ‘ಒಕ್ಕಲೆದ್ದವರು’ ಎಂದರೆ ತಾವೇ ಎದ್ದು ಹೋದಂತೆ.

ನಿಮ್ಮ ಸೀಮೆಯಲ್ಲಿ ಹಿರಿಯರು ಇಂಥವರನ್ನು ಏನನ್ನುತ್ತಿದ್ದರು? ಭಯಕ್ಕೆ ಓಡುವ ಅರ್ಥದಲ್ಲಿ ‘ವಲಸೆ’ ಯಾರ ಬಾಯಲ್ಲಾದರೂ ಇನ್ನೂ ಇದೆಯಾ? ಲಾವಣಿಯಲ್ಲಿ, ಶಾಸನದಲ್ಲಿ, ಅಜ್ಜಿಯ ಮಾತಿನಲ್ಲಿ ಎಲ್ಲಿ ಕಂಡಿದ್ದರೂ ದಯವಿಟ್ಟು ವಾಕ್ಯ ಸಮೇತ ಬರೆಯಿರಿ. ಮಗಳ ಸಾಲು ಹಾಗೇ ಇರಲಿ ಎಂದು ಬಿಟ್ಟಿದ್ದೇನೆ. ತಾಯಿಯ ಸಾಲನ್ನು ಇನ್ನೂ ಬರೆದಿಲ್ಲ.