ಅಪ್‌ಡೇಟ್: 4 ಟನ್ ಬೇಡ, 3 ಟನ್ ಸಾಕು

ಮನೆಯ ಹಳೆಯ 4 ಟನ್ (ಇದು ತೂಕವಲ್ಲ, ತಂಪು ಮಾಡುವ ಸಾಮರ್ಥ್ಯ) ಹೀಟಿಂಗ್-ಕೂಲಿಂಗ್ ಸಿಸ್ಟಮ್ ಬದಲಿಸುವಾಗ ಅಷ್ಟೇ ದೊಡ್ಡದು ಬೇಕಾ ಅಂತ ಕೇಳಿದ್ದೆ. ಮೊದಲು ಲೋಡ್ ಲೆಕ್ಕ, ಅಂದ್ರೆ ಮನೆಗೆ ಎಷ್ಟು ತಂಪು, ಎಷ್ಟು ಬಿಸಿ ಬೇಕು ಅನ್ನೋ ಲೆಕ್ಕ, ಮಾಡಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಲೆಕ್ಕಕ್ಕೆ ಬಂದವರು ಹಳೆ ಯಂತ್ರದ ಲೇಬಲ್ ನೋಡಿ ಸುಮ್ನೆ ಬರೆದುಕೊಳ್ಳಲಿಲ್ಲ. ಪ್ರತಿ ಕಿಟಕಿಯ ಅಳತೆ, ಅದು ಯಾವ ದಿಕ್ಕಿಗಿದೆ, ಚಾವಣಿಯ ಇನ್ಸುಲೇಶನ್ ಎಷ್ಟು ದಪ್ಪ, ಗಾಳಿ ಎಲ್ಲೆಲ್ಲಿ ನುಗ್ಗುತ್ತದೆ, ಎಲ್ಲ ನೋಡಿದರು. ಕೂಲಿಂಗ್‌ಗೆ ಬಂದ ಲೆಕ್ಕ ಗಂಟೆಗೆ ಸುಮಾರು 34,000 ಬಿಟಿಯು (ಶಾಖ ಅಳೆಯುವ ಮಾನ). 1 ಟನ್ ಅಂದ್ರೆ ಗಂಟೆಗೆ 12,000 ಬಿಟಿಯು, ಅಲ್ವಾ? 3 ಟನ್ ಸಾಕು.

ಹಳೆಯದು ಪದೇ ಪದೇ ಆಫ್ ಆಗಿ ಶುರುವಾಗುತ್ತಿದ್ದದ್ದೂ ಸೈಜ್ ಜಾಸ್ತಿಯಾಗಿಯೇ. ರೂಮು ಬೇಗ ತಣ್ಣಗಾಗುತ್ತಿತ್ತು, ತೇವ ಮಾತ್ರ ಹಾಗೇ ಉಳಿಯುತ್ತಿತ್ತು. ಹೀಟಿಂಗ್ ಲೆಕ್ಕ ಬೇರೆ ಇರುತ್ತದೆ, ಅದನ್ನೂ ಕೇಳಿ ಪಡೆಯಿರಿ. ಡಕ್ಟ್ (ಗಾಳಿ ಸಾಗುವ ಕೊಳವೆ) ಸೋರಿಕೆ ಮುಚ್ಚಿಸಿ ಆಮೇಲೆ ಆರ್ಡರ್ ಕೊಡುತ್ತೇನೆ.