ಹಳೆಯ ಆಪ್ಟಿಪ್ಲೆಕ್ಸ್ 7010ಕ್ಕೆ ಗ್ರಾಫಿಕ್ಸ್ ಕಾರ್ಡ್: ಎಸ್‌ಎಂಪಿಎಸ್ ಬದಲಿಸದೆ ಯಾವುದನ್ನು ಹಾಕಬಹುದು?

ಪ್ರಶ್ನೆ: ಶಾಲ್ಮಲಾ ತೀರ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಕಚೇರಿಯೊಂದು ವಿಲೇವಾರಿ ಮಾಡಿದ ಡೆಲ್ ಆಪ್ಟಿಪ್ಲೆಕ್ಸ್ 7010 ಕಂಪ್ಯೂಟರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಮನೆಯಲ್ಲಿ ಬಳಸುತ್ತಿದ್ದೇನೆ. ತೆಳ್ಳನೆಯ ಪೆಟ್ಟಿಗೆಯದಲ್ಲ, ಮಿನಿ ಟವರ್ ಮಾದರಿ. ಐ5-3470 ಪ್ರೊಸೆಸರ್, 8 ಜಿಬಿಯ ಒಂದೇ ಡಿಡಿಆರ್3 ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 10, ವಿಜಿಎ ಕೇಬಲ್ಲಿನ ಹಳೆಯ ಮಾನಿಟರ್. ಯಂತ್ರಕ್ಕೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ 275 ವ್ಯಾಟ್ ಎಂದಿದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್‌ನಲ್ಲೇ ಇರುವ ಇಂಟೆಲ್ ಎಚ್‌ಡಿ 2500 ಮಾತ್ರ.

ಎರಡು ಕೆಲಸಗಳಿಗೆ ಕಾರ್ಡ್ ಬೇಕೆನಿಸಿದೆ. ಹತ್ತನೆಯ ತರಗತಿಯ ಪ್ರಯೋಗಗಳನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಶಾಟ್‌ಕಟ್ ಎಂಬ ವಿಡಿಯೊ ಎಡಿಟಿಂಗ್ ತಂತ್ರಾಂಶದಲ್ಲಿ ಜೋಡಿಸಿ, ಕನ್ನಡದಲ್ಲಿ ವಿವರಣೆ ಸೇರಿಸುತ್ತೇನೆ. ಟೈಮ್‌ಲೈನ್‌ನಲ್ಲಿ ಓಡಿಸಿದರೆ ಧ್ವನಿ ಮುಂದೆ ಹೋಗುತ್ತದೆ, ಚಿತ್ರ ತಡೆದು ತಡೆದು ಬರುತ್ತದೆ; ಸಾರರಿಕ್ತ ಆಮ್ಲಕ್ಕೆ ಸತುವಿನ ಚೂರು ಬಿದ್ದು ಗುಳ್ಳೆ ಏಳುವ ಆ ಕ್ಷಣಕ್ಕೆ ಸರಿಯಾಗಿ ಕತ್ತರಿಸಲು ಆಗುವುದೇ ಇಲ್ಲ. ಎರಡನೆಯದಾಗಿ, ಎಂಜಿನಿಯರಿಂಗ್ ಓದುತ್ತಿರುವ ಮಗಳು ಬ್ಲೆಂಡರ್ ಎಂಬ 3ಡಿ ಚಿತ್ರಗಳ ತಂತ್ರಾಂಶ ಕಲಿಯಬೇಕೆಂದಿದ್ದಾಳೆ, ಆದರೆ ಅದರ ಹೊಸ ಆವೃತ್ತಿಯು ಈ ಗ್ರಾಫಿಕ್ಸ್‌ಗೆ ಬೆಂಬಲವಿಲ್ಲವೆಂದು ಹೇಳಿ ತೆರೆಯುವುದೇ ಇಲ್ಲ.

ಪೇಟೆಯ ಅಂಗಡಿಯಲ್ಲಿ ವಿಚಾರಿಸಿದಾಗ, ಯಾವ ಕಾರ್ಡ್ ಹಾಕುವುದಾದರೂ ಎಸ್‌ಎಂಪಿಎಸ್ ಬದಲಿಸಲೇಬೇಕೆಂದರು. ಇನ್ನೊಬ್ಬರು 4 ಜಿಬಿಯ ಜಿಟಿ 730 ಕಾರ್ಡ್ ಸಾಕೆಂದರು. ಯಾರ ಮಾತನ್ನು ನಂಬಬೇಕೋ ತಿಳಿಯದಾಗಿದೆ. ತಿಳಿದವರು ಮಾರ್ಗದರ್ಶನ ಮಾಡಬೇಕಾಗಿ ವಿನಂತಿ.

ಉತ್ತರ: ಬೆಸುಗೆ ಕಡ್ಡಿ

ಮೇಷ್ಟ್ರೇ, ಎಸ್‌ಎಂಪಿಎಸ್ ಬದಲಿಸಲೇಬೇಕೆಂಬುದು ಪೂರ್ತಿ ನಿಜವಲ್ಲ. ಬೋರ್ಡಿನಲ್ಲಿ ಕಾರ್ಡ್ ಕೂರಿಸಲು ಇರುವ ಪೂರ್ಣ ಗಾತ್ರದ ಪಿಸಿಐಇ ಸ್ಲಾಟ್ ತನ್ನೊಳಗೆ ಕೂತ ಕಾರ್ಡಿಗೆ ಗರಿಷ್ಠ 75 ವ್ಯಾಟ್ ಒದಗಿಸುವಂತೆ ಮಾನದಂಡದಲ್ಲೇ ಗೊತ್ತುಪಡಿಸಲಾಗಿದೆ, ಮತ್ತು ಅದರಲ್ಲಿ 66 ವ್ಯಾಟ್ 12 ವೋಲ್ಟ್ ಮಾರ್ಗದಿಂದಲೇ ಬರುತ್ತದೆ. ಅಷ್ಟರೊಳಗೆ ಮುಗಿಯುವ ಕಾರ್ಡುಗಳಿಗೆ ಪ್ರತ್ಯೇಕ ಪವರ್ ಕೇಬಲ್ ಬೇಕಿಲ್ಲ. ನಿಮ್ಮ ಪ್ರೊಸೆಸರ್‌ನ ಉಷ್ಣ ಮಿತಿ 77 ವ್ಯಾಟ್. ಕಾರ್ಡಿಗೆ 75, ಬೋರ್ಡು, ರ‍್ಯಾಮ್, ಡಿಸ್ಕು, ಫ್ಯಾನುಗಳಿಗೆಲ್ಲ ಸೇರಿ 40-50 ಎಂದು ಧಾರಾಳವಾಗಿ ಲೆಕ್ಕ ಹಾಕಿದರೂ ಒಟ್ಟು 200ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಸ್‌ಎಂಪಿಎಸ್ ಆರೋಗ್ಯವಾಗಿದ್ದರೆ 275 ವ್ಯಾಟ್ ಇದಕ್ಕೆ ಸಾಕು. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋಗುವುದು ಹೆಚ್ಚಾದ್ದರಿಂದ ಯುಪಿಎಸ್ ಕೂಡ ನೋಡಿಕೊಳ್ಳಿ: ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್, ಮಾನಿಟರ್ ಸೇರಿದರೂ ತಡೆಯುತ್ತದೆ, ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ.

ಆರು ಪಿನ್ನಿನ ಪವರ್ ಕೇಬಲ್ ಬೇಡುವ ಕಾರ್ಡನ್ನು ಕೊಂಡು, ಡಿಸ್ಕಿಗೆ ಕರೆಂಟು ಒಯ್ಯುವ ಸಾಟಾ ಕೇಬಲ್ಲಿನಿಂದ ಅದಕ್ಕೆ ಕರೆಂಟು ಕೊಡುವ ಅಡಾಪ್ಟರ್ ಹಾಕಿಸಿಕೊಳ್ಳುವ ಕೆಲಸಕ್ಕೆ ಮಾತ್ರ ದಯವಿಟ್ಟು ಕೈಹಾಕಬೇಡಿ. ಸಾಟಾ ಕನೆಕ್ಟರ್ 12 ವೋಲ್ಟ್ ಮಾರ್ಗದಲ್ಲಿ ಹೊರಬಲ್ಲದ್ದು 54 ವ್ಯಾಟ್, ಆರು ಪಿನ್ನಿನದು ಎಳೆಯಬಹುದಾದದ್ದು 75. ಮಿತಿ ಮೀರಿ ಹರಿಯುವ ಕರೆಂಟಿನಿಂದ ಆ ಪ್ಲಾಸ್ಟಿಕ್ ಕನೆಕ್ಟರ್ ವಿಪರೀತ ಕಾಯುತ್ತದೆ. ಕಂದುಗಟ್ಟಿ ಕರಗಿದ ಸಾಟಾ ಕನೆಕ್ಟರುಗಳು ರಿಪೇರಿಯ ಮೇಜಿಗೆ ಬರುವುದು ಇಂತಹ ಯಂತ್ರಗಳಿಂದಲೇ. ಮುಂದೆ ದೊಡ್ಡ ಕಾರ್ಡೇ ಬೇಕೆನಿಸಿದರೆ ನಿಮ್ಮ ಅದೃಷ್ಟಕ್ಕೆ 7010ರಲ್ಲಿ ಮಾಮೂಲಿ 24 ಪಿನ್ನಿನ ಕನೆಕ್ಟರ್ ಇದೆ. ಅದರ ನಂತರ ಬಂದ 7020, 9020 ಮಾದರಿಗಳಲ್ಲಿ ಕಂಪನಿಯದೇ ಆದ 8 ಪಿನ್ನಿನದಿರುವುದರಿಂದ ಅಂಗಡಿಯ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ.

ಜಿಟಿ 730 ಬೇಡವೇ ಬೇಡ. 4 ಜಿಬಿ ಎಂಬುದು ಕೇಳಲು ಚೆಂದ, ಆದರೆ ಆ ಮೆಮೊರಿ ನಿಧಾನಗತಿಯ ಡಿಡಿಆರ್3, ಮತ್ತು ಕಾರ್ಡ್ ಹೊಸದಾಗಿ ಮಾರಾಟಕ್ಕಿದ್ದರೂ ಒಳಗಿನ ಚಿಪ್ಪು ತೀರಾ ಹಳೆಯ ಪೀಳಿಗೆಯದು. ಕೇಬಲ್ ಬೇಡದ ಕಾರ್ಡುಗಳಲ್ಲಿ ನೋಡಬೇಕಾದವು ಮೂರು: 2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650, 2024ರ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ. ಮೊದಲೆರಡು 75 ವ್ಯಾಟಿನವು, ಮೂರನೆಯದು 70. ಆದರೆ 1650ರಲ್ಲಿ ಆರು ಪಿನ್ನಿನ ಸಾಕೆಟ್ ಇರುವ ಮಾದರಿಗಳೂ ಇವೆ. 3050ರಲ್ಲಿ 8 ಜಿಬಿಯದು ಕೇಬಲ್ ಬೇಡುವ, 130 ವ್ಯಾಟಿನ ಬೇರೆಯದೇ ಕಾರ್ಡ್. ಹೆಸರು ನೋಡಿ ಕೊಳ್ಳದೆ ಕಾರ್ಡಿನ ಮೇಲಂಚಿನ ಫೋಟೊ ನೋಡಿ ಕೊಳ್ಳಿ.

ಉತ್ತರ: ರೀಲು ಗಿರಣಿ

ಕಾರ್ಡಿನ ಮಾತಿಗೆ ಮೊದಲು ವಿಡಿಯೊದ ಮಾತನ್ನು ಬಿಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಆ ತೊಂದರೆಗೆ ಹಣ ಖರ್ಚು ಮಾಡಬೇಕಾಗಿಯೇ ಇಲ್ಲದಿರಬಹುದು.

ಈಗಿನ ಅನೇಕ ಮೊಬೈಲ್‌ಗಳು ಜಾಗ ಉಳಿಸಲೆಂದು ಎಚ್.265, ಅಂದರೆ ಎಚ್‌ಇವಿಸಿ ವಿಧಾನದಲ್ಲಿ ಚಿತ್ರೀಕರಿಸುತ್ತವೆ. ಅದನ್ನು ಬಿಡಿಸಿ ತೋರಿಸುವ ಪ್ರತ್ಯೇಕ ಸರ್ಕ್ಯೂಟ್ ಎಚ್‌ಡಿ 2500ರಲ್ಲಿ ಇಲ್ಲ. ಆ ವಿಧಾನದ ಮೊದಲ ಮಾನದಂಡ ಪ್ರಕಟವಾದದ್ದೇ 2013ರಲ್ಲಿ, ನಿಮ್ಮ ಪ್ರೊಸೆಸರ್ 2012ರದು. ಹೀಗಾಗಿ ಪ್ರತಿಯೊಂದು ಫ್ರೇಮನ್ನೂ ನಾಲ್ಕು ಕೋರ್‌ಗಳೇ ಲೆಕ್ಕ ಹಾಕಿ ಬಿಡಿಸಬೇಕು. ವಿಡಿಯೊ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಗೆರೆ 100ಕ್ಕೆ ಅಂಟಿಕೊಂಡಿದೆಯೇ ನೋಡಿ. ಅಂಟಿಕೊಂಡಿದ್ದರೆ ರೋಗ ಇದೇ.

ಹೊಸ ಕಾರ್ಡಿನಲ್ಲಿ ಎಚ್.265 ಬಿಡಿಸುವ ಸರ್ಕ್ಯೂಟ್ ಇರುತ್ತದೆ, ನಿಜ. ಆದರೆ ಅದನ್ನು ಬಳಸುವಂತೆ ತಂತ್ರಾಂಶ ಕೇಳಬೇಕಲ್ಲ! ಉಚಿತವಾಗಿ ಸಿಗುವ ಹಲವು ಎಡಿಟಿಂಗ್ ತಂತ್ರಾಂಶಗಳು ಕೊನೆಯಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಕಾರ್ಡನ್ನು ಬಳಸಿದರೂ ಟೈಮ್‌ಲೈನ್‌ನಲ್ಲಿ ತೋರಿಸುವಾಗ ಸಿಪಿಯುವನ್ನೇ ನೆಚ್ಚಿಕೊಂಡಿರುತ್ತವೆ. ದುಬಾರಿ ಕಾರ್ಡ್ ಹಾಕಿದ ಮೇಲೂ ಚಿತ್ರ ತಡವರಿಸುವುದು ನಿಲ್ಲಲಿಲ್ಲವೆಂದು ದೂರುವವರ ಕಥೆ ಸಾಮಾನ್ಯವಾಗಿ ಇಲ್ಲಿಗೇ ಬಂದು ನಿಲ್ಲುತ್ತದೆ.

ಆದ್ದರಿಂದ ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಹೆಚ್ಚು ದಕ್ಷತೆಯ ವಿಡಿಯೊ ಎಂಬರ್ಥದ ಆಯ್ಕೆಯನ್ನು ಆಫ್ ಮಾಡಿ, ಅದಕ್ಕಿಂತ ಹಳೆಯ ವಿಧಾನವಾದ ಎಚ್.264ರಲ್ಲಿ 1080 ಪಿಕ್ಸೆಲ್, ಸೆಕೆಂಡಿಗೆ 30 ಫ್ರೇಮ್‌ನಂತೆ ಚಿತ್ರೀಕರಿಸಿ. ಈಗಾಗಲೇ ತೆಗೆದಿರುವ ವಿಡಿಯೊಗಳಿಗೆ ಶಾಟ್‌ಕಟ್‌ನ ಪ್ರಾಕ್ಸಿ ಸೌಲಭ್ಯ ಬಳಸಿ: ಅದು ಪ್ರತಿಯೊಂದಕ್ಕೂ ಚಿಕ್ಕ ಗಾತ್ರದ ನಕಲೊಂದನ್ನು ಮಾಡಿಟ್ಟುಕೊಂಡು, ಕತ್ತರಿಸಿ ಜೋಡಿಸುವಾಗ ಅದನ್ನು ತೋರಿಸಿ, ಎಕ್ಸ್‌ಪೋರ್ಟ್‌ಗೆ ಮೂಲವನ್ನೇ ಬಳಸುತ್ತದೆ. ಮೊಬೈಲ್ ವಿಡಿಯೊಗಳಲ್ಲಿ ಫ್ರೇಮ್‌ಗಳ ಗತಿ ಏರಿಳಿಯುವುದರಿಂದಲೂ ಧ್ವನಿ ಹಿಂದುಮುಂದಾಗುತ್ತದೆ. ಸಂಕಲನಕ್ಕೆ ಸುಲಭವಾದ ರೂಪಕ್ಕೆ ಪರಿವರ್ತಿಸಲೇ ಎಂದು ಶಾಟ್‌ಕಟ್ ಕೇಳಿದಾಗ ಒಪ್ಪಿಬಿಡಿ. ಜೊತೆಗೆ 8 ಜಿಬಿಯ ಇನ್ನೊಂದು ರ‍್ಯಾಮ್ ಹಾಕಿದರೆ ಎರಡು ಚಾನೆಲ್‌ಗಳೂ ಕೆಲಸಕ್ಕೆ ಬರುತ್ತವೆ. ಡಿಡಿಆರ್3 ಈಗ ಹಳೆಯ ಮಾಲು, ಬೆಲೆ ಕಡಿಮೆ.

ಬ್ಲೆಂಡರ್‌ನ ವಿಷಯ ಬೇರೆ. ಅಲ್ಲಿ ಕಾರ್ಡ್ ಅನಿವಾರ್ಯ. ಓಪನ್‌ಜಿಎಲ್ ಎಂದರೆ ತಂತ್ರಾಂಶಗಳು ಗ್ರಾಫಿಕ್ಸ್ ಚಿಪ್ಪಿನಿಂದ ಚಿತ್ರ ಮೂಡಿಸಿಕೊಳ್ಳಲು ಬಳಸುವ ವ್ಯವಸ್ಥೆ; ಬ್ಲೆಂಡರ್ 4.0ರಿಂದ ಅದರ 4.3 ಆವೃತ್ತಿ ಕಡ್ಡಾಯವಾಗಿದೆ, ವಿಂಡೋಸ್‌ನಲ್ಲಿ ಎಚ್‌ಡಿ 2500ರ ಡ್ರೈವರ್ ಓಪನ್‌ಜಿಎಲ್ 4.0ಕ್ಕೇ ನಿಂತಿದೆ. ರ‍್ಯಾಮ್ ಎಷ್ಟು ತುಂಬಿದರೂ ಆ ಬಾಗಿಲು ತೆರೆಯದು. ಕಾರ್ಡ್ ಬರುವವರೆಗೆ ಮಗಳು 3.6 ಆವೃತ್ತಿಯನ್ನು ಪ್ರಯತ್ನಿಸಲಿ, ಅದಕ್ಕೆ ಓಪನ್‌ಜಿಎಲ್ 3.3 ಸಾಕಾಗುವುದರಿಂದ ಮಾಡೆಲಿಂಗ್‌ನ ಮೊದಲ ಪಾಠಗಳನ್ನು ಅದರಲ್ಲೇ ಕಲಿಯಬಹುದು.

ಪ್ರಶ್ನೆ ಕೇಳಿದವರು: ಶಾಲ್ಮಲಾ ತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಚ್.264ರಲ್ಲಿ ಚಿತ್ರೀಕರಿಸಿ ನೋಡಿದೆ. ಸಿಪಿಯು ಬಳಕೆ ಅರ್ಧಕ್ಕಿಂತ ಕೆಳಗಿಳಿದು, ಗುಳ್ಳೆ ಏಳುವ ಫ್ರೇಮಿನಲ್ಲೇ ಕತ್ತರಿಸಲು ಸಾಧ್ಯವಾಯಿತು. ಹಳೆಯ ವಿಡಿಯೊಗಳಿಗೆ ಪ್ರಾಕ್ಸಿ ಮಾಡಲು ಬಿಟ್ಟಿದ್ದೇನೆ. ಮಗಳ ಯಂತ್ರದಲ್ಲಿ, ಅಂದರೆ ಇದರಲ್ಲೇ, ಬ್ಲೆಂಡರ್ 3.6 ತೆರೆಯಿತು, ಆದರೆ ರೆಂಡರ್‌ಗೆ, ಅಂದರೆ ಅಂತಿಮ ಚಿತ್ರ ತಯಾರಿಸಲು ಕೊಟ್ಟರೆ ಅಡುಗೆ ಮುಗಿಸಿ ಬಂದರೂ ಮುಗಿದಿರುವುದಿಲ್ಲವೆಂಬುದು ಅವಳ ಅಂಬೋಣ.

ಹಾಗಾದರೆ ಕಾರ್ಡ್ ಬ್ಲೆಂಡರ್‌ಗಾಗಿ ಮಾತ್ರ ಎಂದಾಯಿತು. ಹುಬ್ಬಳ್ಳಿಯಲ್ಲಿ ಪರಿಚಿತರೊಬ್ಬರ ಬಳಿ ಬಳಸಿದ 1050 ಟಿಐ ಇದೆ, ಕಡಿಮೆ ಬೆಲೆಗೆ ಕೊಡುತ್ತಾರೆ. ಇಷ್ಟು ಹಳೆಯ ಯಂತ್ರಕ್ಕೆ ಹೊಸ 3050 ಹಾಕುವುದು ದುಂದುವೆಚ್ಚವಲ್ಲವೇ? ಇನ್ನೊಂದು ಸಂದೇಹ: ನನ್ನ ವಿಜಿಎ ಮಾನಿಟರ್ ನಡೆಯುತ್ತದೆಯೇ?

ಉತ್ತರ: ಕಪ್ಪು ತೆರೆ

ಸರ್, ಬೆಲೆಯೊಂದನ್ನೇ ನೋಡಿದರೆ 1050 ಟಿಐ ಸರಿ. ಆದರೆ ಆ ಪೀಳಿಗೆಯ ಕಾರ್ಡುಗಳಿಗೆ ಎನ್ವಿಡಿಯಾ ಕಂಪನಿಯ ಸಾಮಾನ್ಯ ಡ್ರೈವರ್‌ಗಳು 2025ರ ಅಕ್ಟೋಬರ್‌ಗೆ ಮುಗಿದಿವೆ. ಇನ್ನು 2028ರ ಅಕ್ಟೋಬರ್‌ವರೆಗೆ ಭದ್ರತೆಯ ತಿದ್ದುಪಡಿಗಳು ಮಾತ್ರ. 1650 ಮತ್ತು 3050 ಈ ಪಟ್ಟಿಯಲ್ಲಿಲ್ಲ. ಬ್ಲೆಂಡರ್ ತನ್ನ ಕನಿಷ್ಠ ಅಗತ್ಯವನ್ನು ಆಗಾಗ ಏರಿಸುವ ತಂತ್ರಾಂಶವಾದ್ದರಿಂದ, ಈಗ ಎಚ್‌ಡಿ 2500ರಿಂದ ಆಗಿರುವ ತೊಂದರೆಯೇ ಕೆಲವು ವರ್ಷಗಳಲ್ಲಿ 1050 ಟಿಐನಿಂದಲೂ ಆಗಬಹುದೆಂಬುದು ನನ್ನ ಅನಿಸಿಕೆ.

ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ ಮೂರನೆಯ ಪೀಳಿಗೆಯ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ಮತ್ತು ಯಾವ ಗ್ರಾಫಿಕ್ಸ್ ಕಾರ್ಡೂ ಅದನ್ನು ಬದಲಿಸುವುದಿಲ್ಲ. ಮಗಳ ಕೆಲಸಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಬಹುದು, ಬ್ಲೆಂಡರ್ ಅಲ್ಲಿ ಸೊಗಸಾಗಿ ನಡೆಯುತ್ತದೆ. ಆದರೆ ನಿಮ್ಮ ಪ್ರಶ್ನೆಪತ್ರಿಕೆಗಳು ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿದ್ದರೆ ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ.

ಬಳಸಿದ ಕಾರ್ಡನ್ನೇ ಕೊಳ್ಳುವುದಾದರೆ ಪರಿಚಿತರದ್ದಾದರೂ ಪರೀಕ್ಷಿಸಿ, ಅವರೂ ಯಾರಿಂದಲೋ ಕೊಂಡದ್ದಿರಬಹುದು. ಜಿಟಿಎಸ್ 450ರಂತಹ ಹಳೆಯ ಕಾರ್ಡುಗಳ ಬಯಾಸ್ (ಒಳಗೇ ಬರೆದಿಟ್ಟಿರುವ ಮೂಲ ತಂತ್ರಾಂಶ) ತಿದ್ದಿ 1050 ಟಿಐ ಎಂದು ಮಾರುವ ದಂಧೆ ಬಹಳ ಕಾಲದಿಂದ ಇದೆ. ವಿಂಡೋಸ್ ಕೂಡ ಸುಳ್ಳು ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಚಿಪ್ಪನ್ನೇ ಓದಿ, ನಕಲಿಯಾಗಿದ್ದರೆ ಹೆಸರಿನ ಮುಂದೆ ಹಾಗೆಂದು ನಮೂದಿಸುತ್ತದೆ. ನಿಜವಾದ 1050 ಟಿಐಗೆ 768 ಕೋರ್‌ಗಳು, 4 ಜಿಬಿ ಜಿಡಿಡಿಆರ್5 ಮೆಮೊರಿ, 128 ಬಿಟ್ ಅಗಲದ ಮಾರ್ಗ ಇರಬೇಕು. ಹಿಂಬದಿಯಲ್ಲಿ ನೀಲಿ ಬಣ್ಣದ ವಿಜಿಎ ಸಾಕೆಟ್ ಕಂಡರೆ ತಂತ್ರಾಂಶವೇ ಬೇಡ, ಅದು ನಕಲಿ: 1050 ಟಿಐ ಚಿಪ್ಪಿಗೆ ವಿಜಿಎಗೆ ಬೇಕಾದ ಅನಲಾಗ್ ಸಂಕೇತವನ್ನು ಹೊರಡಿಸುವ ಶಕ್ತಿಯೇ ಇಲ್ಲ.

ನಿಮ್ಮ ಎರಡನೆಯ ಸಂದೇಹಕ್ಕೂ ಉತ್ತರ ಅದೇ. ಈ ಮೂರು ಕಾರ್ಡುಗಳಲ್ಲಿ ಯಾವುದನ್ನು ಹಾಕಿದರೂ ಎಚ್‌ಡಿಎಂಐನಿಂದ ವಿಜಿಎಗೆ ಪರಿವರ್ತಿಸುವ ಕನ್ವರ್ಟರ್ ಬೇಕು. ಬರೀ ತಂತಿ ಜೋಡಿಸಿದ ಅಗ್ಗದ ಕೇಬಲ್ ಕೆಲಸ ಮಾಡುವುದಿಲ್ಲ, ಒಳಗೆ ಚಿಪ್ಪಿರುವುದನ್ನೇ ಕೇಳಿ ಪಡೆಯಿರಿ.

ಉತ್ತರ: ಬೆಸುಗೆ ಕಡ್ಡಿ

ದುಂದುವೆಚ್ಚದ ಪ್ರಶ್ನೆಗೆ ನನ್ನ ಅಭಿಪ್ರಾಯ: ಕಾರ್ಡ್ ಈ ಪೆಟ್ಟಿಗೆಗೆ ಅಂಟಿಕೊಂಡ ವಸ್ತುವಲ್ಲ. 3050 ಕೊಂಡರೆ ನಾಳೆ ಹೊಸ ಯಂತ್ರಕ್ಕೂ ಅದನ್ನೇ ಒಯ್ಯಬಹುದು. ಎಸ್‌ಎಂಪಿಎಸ್‌ಗೆ, ಹಳೆಯ ಬೋರ್ಡಿಗೆ ಸುರಿದ ಹಣ ಹಾಗೆ ಹೊರಬರುವುದಿಲ್ಲ. ರೆಂಡರ್ ಮಾಡುವಾಗ ದೃಶ್ಯವೆಲ್ಲ ಕಾರ್ಡಿನ ಮೆಮೊರಿಯಲ್ಲಿ ಹಿಡಿಸಬೇಕಾದ್ದರಿಂದ 4 ಜಿಬಿಗೂ 6 ಜಿಬಿಗೂ ಇರುವ ಅಂತರ ಬ್ಲೆಂಡರ್‌ನಲ್ಲಿ ಬೇಗ ತಿಳಿಯುತ್ತದೆ. 3050 ಬಳಸುವುದು ಸ್ಲಾಟಿನ ಎಂಟು ಲೇನ್‌ಗಳನ್ನು (ಮಾಹಿತಿ ಹರಿಯುವ ದಾರಿಗಳನ್ನು) ಮಾತ್ರ, ಆದರೆ ನಿಮ್ಮ ಪ್ರೊಸೆಸರ್ ಪಿಸಿಐಇ 3.0 ಕೊಡುವುದರಿಂದ ಚಿಂತೆಯಿಲ್ಲ. ಇದೇ ಬೋರ್ಡಿನಲ್ಲಿ ಅದಕ್ಕೂ ಹಿಂದಿನ ಪೀಳಿಗೆಯ ಐ5-2400 ಇದ್ದಿದ್ದರೆ 2.0ಕ್ಕೆ ಇಳಿಯುತ್ತಿತ್ತು. ಕೈ ಬಿಗಿಯಿದ್ದರೆ, ಮತ್ತು ಮಗಳಿಗೆ ಇದು ಕಲಿಕೆಯ ಮೊದಲ ವರ್ಷವಷ್ಟೇ ಆಗಿದ್ದರೆ, ಪರೀಕ್ಷಿಸಿ ತಂದ 1050 ಟಿಐ ಕೂಡ ತಪ್ಪಲ್ಲ. ಕಪ್ಪು ತೆರೆಯವರಷ್ಟು ಕಟ್ಟುನಿಟ್ಟಾಗಿ ನಾನು ಹೇಳಲಾರೆ.

ಕೊಳ್ಳುವ ಮೊದಲು ಪಕ್ಕದ ಮುಚ್ಚಳ ತೆಗೆದು, ಸ್ಲಾಟಿನ ಹಿಂತುದಿಯಿಂದ ಮುಂದಿನ ಡಿಸ್ಕ್ ಗೂಡಿನವರೆಗೆ ಅಳತೆಪಟ್ಟಿ ಹಿಡಿದು ನೋಡಿ. ಒಂದೇ ಫ್ಯಾನಿನ ಗಿಡ್ಡ ಮಾದರಿಗಳು ಸಾಮಾನ್ಯವಾಗಿ ಹಿಡಿಸುತ್ತವೆ. ಯಂತ್ರದ ಬಯಾಸನ್ನು ಕೊನೆಯ ಆವೃತ್ತಿಗೆ ಏರಿಸುವ ಕೆಲಸವನ್ನು ಕಾರ್ಡ್ ಹಾಕುವ ಮೊದಲೇ, ಯುಪಿಎಸ್ ಚಾಲೂ ಇರುವಾಗ ಮುಗಿಸಿಕೊಳ್ಳಿ. ಬೋರ್ಡಿನಲ್ಲಿ ಒಂದೇ ಉದ್ದದ ಎರಡು ಸ್ಲಾಟುಗಳಿವೆ. ಪ್ರೊಸೆಸರ್‌ಗೆ ಹತ್ತಿರ ಇರುವುದರಲ್ಲೇ ಹಾಕಿ. ಇನ್ನೊಂದು ನೋಡಲು ಉದ್ದವಿದ್ದರೂ ಒಳಗೆ ನಾಲ್ಕೇ ಲೇನ್‌ಗಳ ಸಂಪರ್ಕವಿದೆ. ಕಾರ್ಡ್ ಕೂತ ಮೇಲೆ ಮಾನಿಟರ್ ಕೇಬಲ್ಲನ್ನು ಬೋರ್ಡಿನ ಸಾಕೆಟ್ಟಿನಿಂದ ಕಿತ್ತು ಕಾರ್ಡಿಗೆ ಸಿಕ್ಕಿಸಿ. ಹಾಗೆ ಮಾಡದೆ ತೆರೆ ಕಪ್ಪಾಗಿಯೇ ಉಳಿದಾಗ ಕಾರ್ಡ್ ಕೆಟ್ಟಿದೆಯೆಂದು ಅಂಗಡಿಗೆ ವಾಪಸ್ ಒಯ್ಯುವವರು ಬಹಳ ಮಂದಿ.