ಮಗಳ ಆರನೇ ಕ್ಲಾಸು, ಮನೆ ಗುಂಪಿನ ಜಗಳ

ಶುಕ್ರವಾರ ಜುಮ್ಮಾ ನಮಾಜು ಮುಗಿದ ಹೊತ್ತಿಗೆ ದೊಡ್ಡ ಮಾಮು ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ‘ಮದರಸಾಗಳನ್ನೆಲ್ಲ ಮುಚ್ಚಲು ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲರಿಗೂ ಕಳಿಸಿ.’ ಕೆಳಗೆ ಅವರದೇ ಮಾತು: ‘ಮಕ್ಕಳಿಗೆ ದೀನ್ ಕಲಿಸುವುದಿದ್ದರೆ ಈಗಲೇ ಕಲಿಸಿ.’

ಅದು ನನಗೇ ಹೇಳಿದ್ದು. ಮಗಳು ಐದನೇ ಕ್ಲಾಸು. ಅವಳನ್ನು ಹಾಸ್ಟೆಲ್ ಇರುವ ಮದರಸಾಕ್ಕೆ ಸೇರಿಸಿ ಆಲಿಮಾ, ಅಂದರೆ ದೀನಿನ ಪೂರ್ತಿ ಓದು ಮುಗಿಸಿದವಳು, ಮಾಡಿಸಬೇಕು ಅಂತ ಮಾಮುಗೆ ಆಸೆ. ನಾನು ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ.

ಭಾಯಿ: ‘ಮಾಮು, ಇದು ಎಲ್ಲಿಂದ ಬಂತು? ಲಿಂಕ್ ಕೊಡಿ.’

ಮಾಮು: ‘ಎಲ್ಲದಕ್ಕೂ ಪುರಾವೆ ಕೇಳಬೇಡಪ್ಪ. ದೊಡ್ಡವರ ಮಾತು ಕೇಳು.’

ಭಾಯಿ: ‘2024ರ ನವೆಂಬರ್ 5ರ ತೀರ್ಪು ಉತ್ತರ ಪ್ರದೇಶದ 2004ರ ಮದರಸಾ ಕಾನೂನಿನದು. ಕೋರ್ಟ್ ಅದನ್ನು ಉಳಿಸಿದೆ. ಕಾಮಿಲ್, ಫಾಜಿಲ್ ಡಿಗ್ರಿಯ ಭಾಗ ಮಾತ್ರ ತೆಗೆದಿದೆ.’

ಖಾಲಾ: ‘ಮಾಮುಗೆ ಎದುರು ಮಾತಾಡುವುದು ನಿನಗೆ ಹೊಸದಾ? ವಲೀಮಾ ದಿನವೂ ಹೀಗೇ ಮಾಡಿದೆ.’

ಅಲ್ಲಿಂದ ಅರ್ಧ ಗಂಟೆ ಬರೀ ಆ ವಲೀಮಾ, ಮದುವೆಯ ಔತಣದ್ದೇ ಮಾತು. ಯಾರಿಗೆ ಊಟ ಸಿಗಲಿಲ್ಲ, ಯಾರನ್ನು ಕರೆಯಲಿಲ್ಲ. ಕೊನೆಗೆ ಚಿತ್ರದುರ್ಗದ ತಮ್ಮ ಬರೆದ: ‘ಅದೆಲ್ಲ ಬಿಡ್ರಿ. ಆಜಾದ್ ನಗರದಲ್ಲಿ ಫಜರ್ ಆದಮೇಲೆ ಮಕ್ತಬ್‌ಗೆ ಓಡುತ್ತಿದ್ದೆವಲ್ಲ! ಬರುವಾಗ ಭಟ್ಟಿಯ ಬಿಸಿ ಮಂಡಕ್ಕಿ.’

ನನಗೂ ನೆನಪಿದೆ. ನಾವೆಲ್ಲ ಬೆಳಿಗ್ಗೆ ಅರಬ್ಬಿ ಓದಿ, ಆಮೇಲೆ ಸರ್ಕಾರಿ ಶಾಲೆಗೆ ಹೋದವರೇ ಅಲ್ವಾ? ಶಾಲೆಯ ಜೊತೆಗೆ ಸ್ವಲ್ಪ ಹೊತ್ತು ಓದುವ ಮಕ್ತಬ್ ಬೇರೆ, ಶಾಲೆಯ ಬದಲಿಗೆ ಪೂರ್ತಿ ಓದುವ ಮದರಸಾ ಬೇರೆ. ಮುಸ್ಲಿಮರ ಸ್ಥಿತಿಗತಿ ಕುರಿತ 2006ರ ಸಾಚಾರ್ ವರದಿಯೂ ಇದನ್ನೇ ಹೇಳಿತ್ತು. ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾದಲ್ಲಿ ಓದುವವರು ನೂರಕ್ಕೆ 3ರಷ್ಟು ಅಂತ ಲೆಕ್ಕ ಕೊಟ್ಟಿತ್ತು. ಗುಂಪಿಗೆ ಬರೆದೆ.

ಮಾಮು: ‘ನಿನ್ನ ಲೆಕ್ಕದಿಂದ ಆಖಿರತ್ (ಪರಲೋಕ) ಸಿಗಲ್ಲಮ್ಮ.’

ಆಲಿಮಾ ಓದು ಕೆಟ್ಟದ್ದು ಅಂತ ನಾನು ಯಾವತ್ತೂ ಅಂದಿಲ್ಲ. ಆದರೆ 2012ರ ತಿದ್ದುಪಡಿ ಆದಮೇಲೆ ಕಡ್ಡಾಯ ಶಿಕ್ಷಣ ಕಾಯ್ದೆ ಮದರಸಾ, ವೇದ ಪಾಠಶಾಲೆಗಳಿಗೆ ಅನ್ವಯಿಸುವುದಿಲ್ಲ. ಆದರೂ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಿಸುವ ಮದರಸಾಗಳಿವೆ. ಬೀದರಿನ ಶಾಹೀನ್ ಸಂಸ್ಥೆಯವರು ಕುರಾನ್ ಬಾಯಿಪಾಠ ಮಾಡಿದ ಹಾಫಿಜ್ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸಿ ನೀಟ್‌ವರೆಗೂ ತರುತ್ತಾರೆ. ಮಾಮು ತೋರಿಸಿದ ಕಡೆ ಹೋಗಿ ಕೇಳಿದೆ. ಅಲ್ಲಿ ಅಂಥದ್ದೇನೂ ಇಲ್ಲ. ನಾಳೆ ಮಗಳು ನರ್ಸಿಂಗ್ ಓದುತ್ತೇನೆ ಅಂದರೆ ಯಾವ ಸರ್ಟಿಫಿಕೇಟ್ ತೋರಿಸಲಿ?

ನನ್ನ ಅಕ್ಕ, ಆಪಾ, ‘ಜುಮ್ಮಾ ಮುಬಾರಕ್’ ಬಿಟ್ಟು ಬೇರೇನೂ ಹಾಕುವವಳಲ್ಲ. ಅಬ್ಬಾ ತೀರಿಕೊಂಡ ಮೇಲೆ ನಮ್ಮ ಮನೆ ನಡೆಸಿದ್ದು ಮಾಮು. ಅವರಿಗೆ ಯಾರೂ ಏನೂ ಹೇಳುವುದಿಲ್ಲ. ಅವತ್ತು ರಾತ್ರಿ ಅವಳು ಬರೆದಳು: ‘ಮಾಮು, ನನ್ನನ್ನು ಏಳನೇ ಕ್ಲಾಸಿಗೆ ಬಿಡಿಸಿದ್ದು ಮದರಸಾಕ್ಕೆ ಕಳಿಸಲು ಅಲ್ಲ. ಮನೆಯಲ್ಲಿ ಕೂರಿಸಲು. ಇವಳು ಎಲ್ಲಾದರೂ ಓದಲಿ. ನಡುವೆ ಬಿಡಿಸಬೇಡಿ.’

ಆಮೇಲೆ ಗುಂಪಿನಲ್ಲಿ ಒಂದೂ ಮೆಸೇಜ್ ಇಲ್ಲ.

ಬೆಳಿಗ್ಗೆ ಮಾಮು ನನಗೆ ಫೋನ್ ಮಾಡಿದರು. ಮೊರಾರ್ಜಿ ಹಾಸ್ಟೆಲಿನಲ್ಲಿ ನಮಾಜಿಗೆ ಜಾಗ ಇದೆಯಾ ಅಂತ ಕೇಳಿದರು. ವಿಚಾರಿಸಿ ಹೇಳುತ್ತೇನೆ ಅಂದೆ.